ಮಾತಿಗೆ ಮಾತು ಡಿಕ್ಕಿ ಹೊಡೆದಾಗ

ಇವತ್ತು ರಾಜಕೀಯ ಇಲ್ಲ. ಇವತ್ತು ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡ್ತೀನಿ.

ಹೋದ ತಿಂಗಳು ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ರಿಟೈರ್ಡ್ ಮೇಷ್ಟ್ರು, ಎಲೆಗೆ ಪಲ್ಯ ಬೀಳೋ ಮೊದಲೇ ನನ್ನನ್ನು ಹಿಡಿದುಕೊಂಡರು. “ಅಲ್ಲಾ ಸ್ವಾಮಿ, ನಿಮ್ಮ ರಾತ್ರಿ ಚರ್ಚೆ ದಿನಾ ನೋಡ್ತೀನಿ. ಆರು ಜನ ಕೂತಿರ್ತಾರೆ. ಆರೂ ಜನ ಮಾತಾಡ್ತಾರೆ. ಎಲ್ಲಾ ಮುಗಿದ ಮೇಲೆ ನಮ್ಮ ಮನೆಯವರು ಅಡುಗೆಮನೆಯಿಂದ ಕೇಳ್ತಾರೆ, ಏನಂದ್ರು ಅಂತ. ನನಗೆ ಹೇಳೋಕೆ ಏನೂ ಇರಲ್ಲ.”

ನಾನು ನಕ್ಕೆ. ಅವರು ನಗಲಿಲ್ಲ.

ಆ ಮಾತು ಕಾರಿನಲ್ಲಿ ಬರುವಾಗಲೂ ಜೊತೆಗೇ ಬಂತು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಎಷ್ಟು ತಲುಪುತ್ತೆ? ವೀಕ್ಷಕರೇ, ಇದಕ್ಕೆ ನಿಜವಾಗಿಯೂ ಒಂದು ಲೆಕ್ಕ ಇದೆ. 1970ರಲ್ಲಿ ಒಬ್ಬ ಮನುಷ್ಯ ಕಾಗದದ ಮೇಲೆ ಮಾಡಿಟ್ಟ ಲೆಕ್ಕ. ನಿಮ್ಮ ಕೈಯಲ್ಲಿರೋ ಮೊಬೈಲ್, ಮನೆಯ ವೈಫೈ, ನಮ್ಮ ಓಬಿ ವ್ಯಾನು, ಎಲ್ಲದರ ಹಿಂದೆಯೂ ಆ ಲೆಕ್ಕದ ನೆರಳಿದೆ. ಆ ಕಥೆ ಶುರುವಾಗೋದು ಸಮುದ್ರದ ಮಧ್ಯದಲ್ಲಿ.

ಹವಾಯಿ. ಪೆಸಿಫಿಕ್ ಸಾಗರದ ನಟ್ಟನಡುವೆ ಇರುವ ದ್ವೀಪಗಳು. ನಾರ್ಮನ್ ಅಬ್ರಾಮ್ಸನ್ ಅನ್ನೋ ಪ್ರೊಫೆಸರ್ 1960ರ ದಶಕದಲ್ಲಿ ಅಲ್ಲಿಗೆ ಬಂದು ಸೇರಿಕೊಂಡರು. ಹಾರ್ವರ್ಡ್‌ನಲ್ಲಿ ಓದಿದವರು, ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದವರು. ಅಂಥವರು ಹವಾಯಿಗೆ ಯಾಕೆ ಹೋದರು? ದೊಡ್ಡ ಸಂಬಳಕ್ಕಲ್ಲ. ಅಲೆಗಳ ಮೇಲೆ ಹಲಗೆ ಇಟ್ಟುಕೊಂಡು ಜಾರುವ ಹುಚ್ಚು ಅವರಿಗೆ. ಸರ್ಫಿಂಗ್ ಹುಚ್ಚು.

ಅಲ್ಲಿನ ವಿಶ್ವವಿದ್ಯಾಲಯದ ಮುಖ್ಯ ಕಂಪ್ಯೂಟರು ಹೊನೊಲುಲು ಹತ್ತಿರದ ಮನೋವಾ ಕ್ಯಾಂಪಸ್‌ನಲ್ಲಿತ್ತು. ಐಬಿಎಂ 360 ಅನ್ನೋ ದೈತ್ಯ ಯಂತ್ರ. ಆದರೆ ಕಾಲೇಜುಗಳು ಬೇರೆ ಬೇರೆ ದ್ವೀಪಗಳಲ್ಲಿ. ಮಧ್ಯೆ ಸಮುದ್ರ. ಒಂದು ದ್ವೀಪದ ವಿದ್ಯಾರ್ಥಿ ಇನ್ನೊಂದು ದ್ವೀಪದ ಕಂಪ್ಯೂಟರ್ ಬಳಸಬೇಕಾದರೆ ಆಗ ಇದ್ದದ್ದು ಒಂದೇ ದಾರಿ, ಟೆಲಿಫೋನ್ ಲೈನು. ಅದು ದುಬಾರಿ. ನಂಬೋಕೂ ಆಗದು.

ಟ್ರಂಕ್ ಕಾಲ್ ಕಾಲ ನೆನಪಿದೆಯಾ ನಿಮಗೆ? ಬುಕ್ ಮಾಡಿ, ಕಾದು, ಲೈನ್ ಸಿಕ್ಕಿದ ಮೇಲೆ ನೀವು ಮಾತಾಡಿ ಬಿಡಿ, ಸುಮ್ಮನಿರಿ ಬಿಡಿ, ದುಡ್ಡು ಓಡ್ತಾನೇ ಇರ್ತಿತ್ತು. ಯಾಕಂದ್ರೆ ಆ ಲೈನು ಅಷ್ಟು ಹೊತ್ತು ನಿಮ್ಮೊಬ್ಬರದೇ. ಮನುಷ್ಯರ ಮಾತಿಗೆ ಅದು ಹೇಗೋ ನಡೆಯುತ್ತೆ. ಕಂಪ್ಯೂಟರ್ ಬಳಸುವವನು ಹಾಗಲ್ಲ. ಒಂದು ಸಾಲು ಟೈಪ್ ಮಾಡ್ತಾನೆ, ಕೂತು ಯೋಚನೆ ಮಾಡ್ತಾನೆ, ತಲೆ ಕೆರೀತಾನೆ, ಮತ್ತೊಂದು ಸಾಲು ಟೈಪ್ ಮಾಡ್ತಾನೆ. ಅವನಿಗಾಗಿ ಇಡೀ ಲೈನ್ ಹಿಡಿದಿಡೋದು ಅಂದರೆ, ಒಬ್ಬನೇ ಪ್ರಯಾಣಿಕನಿಗೆ ಇಡೀ ಕೆಎಸ್ಸಾರ್ಟಿಸಿ ಬಸ್ಸು ಬುಕ್ ಮಾಡಿದ ಹಾಗೆ.

ಇದಕ್ಕೆ ಮದ್ದು ಆಗಲೇ ಬೇರೆಯವರ ತಲೆಯಲ್ಲಿ ಹುಟ್ಟಿತ್ತು. ಅಮೆರಿಕದಲ್ಲಿ ಪಾಲ್ ಬ್ಯಾರನ್, ಬ್ರಿಟನ್‌ನಲ್ಲಿ ಡೊನಾಲ್ಡ್ ಡೇವಿಸ್, ಇಬ್ಬರೂ 1960ರ ದಶಕದಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಉಪಾಯಕ್ಕೆ ಬಂದಿದ್ದರು. ಸಂದೇಶವನ್ನು ತುಂಡು ಮಾಡಿ. ಪ್ರತಿ ತುಂಡಿನ ಮೇಲೂ ವಿಳಾಸ ಬರೆಯಿರಿ. ಹೇಗೆ ಬೇಕಾದರೂ ಹೋಗಲಿ, ತಲುಪಿದ ಮೇಲೆ ಜೋಡಿಸಿಕೊಳ್ಳಲಿ. ಮದುವೆ ದಿಬ್ಬಣ ಹೋಗಲ್ವಾ? ಮುನ್ನೂರು ಜನ ಒಂದೇ ಬಸ್ಸಲ್ಲಿ ಹೋಗೋಲ್ಲ. ಒಬ್ಬರು ಕಾರಲ್ಲಿ, ಒಬ್ಬರು ರೈಲಲ್ಲಿ, ಒಬ್ಬರು ಟೆಂಪೋದಲ್ಲಿ. ಛತ್ರದ ಹೆಸರು ಎಲ್ಲರಿಗೂ ಗೊತ್ತಿದ್ದರೆ ಸಾಕು. ಆ ತುಂಡಿಗೆ ಡೇವಿಸ್ ಇಟ್ಟ ಹೆಸರು ‘ಪ್ಯಾಕೆಟ್’. ಈಗಿನ ಡೇಟಾ ಪ್ಯಾಕಿನ ಮೂಲಪುರುಷ ಅದೇ.

ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗ ಆರ್ಪಾ, ಈ ಪ್ಯಾಕೆಟ್‌ಗಳನ್ನು ತಂತಿಯ ಮೇಲೆ ಓಡಿಸಿ 1969ರಲ್ಲಿ ಆರ್ಪಾನೆಟ್ ಶುರು ಮಾಡಿತು. ಅಬ್ರಾಮ್ಸನ್ ಮತ್ತು ಅವರ ಜೊತೆಗಾರ ಫ್ರಾಂಕ್ ಕುವೊ ಅವರ ತಂಡದ ಮುಂದಿದ್ದ ಪ್ರಶ್ನೆ ಬೇರೆ. ಸಮುದ್ರದ ಮೇಲೆ ತಂತಿ ಎಲ್ಲಿಂದ ತರೋಣ? ರೇಡಿಯೋದಲ್ಲಿ ಪ್ಯಾಕೆಟ್ ಕಳಿಸಿದರೆ?

ಅಲ್ಲೇ ಇರೋದು ತಾಪತ್ರಯ. ರೇಡಿಯೋ ಚಾನೆಲ್ ಒಂದು, ಮಾತಾಡುವವರು ಹಲವರು. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಪ್ಯಾಕೆಟ್ ಡಿಕ್ಕಿ ಹೊಡೆದು ಪುಡಿಪುಡಿ. ಹಾಗಾದರೆ ಸರದಿ ಯಾರು ಹೇಳಬೇಕು? ಮಧ್ಯದಲ್ಲಿ ಒಬ್ಬ ಯಜಮಾನನನ್ನು ಕೂರಿಸಿ, ‘ಈಗ ನೀನು, ಆಮೇಲೆ ನೀನು’ ಅಂತ ಹೇಳಿಸಬಹುದಿತ್ತು. ಆದರೆ ಮಾತೇ ಇಲ್ಲದವನನ್ನೂ ಕೇಳಿ ಕೇಳಿ ಮುಂದೆ ಹೋಗೋದರಲ್ಲೇ ಹೊತ್ತು ಹೋಗುತ್ತೆ.

ಅಬ್ರಾಮ್ಸನ್ ತಂಡ ಮಾಡಿದ್ದು ನೋಡಿದರೆ ಮೊದಲು ನಗು ಬರುತ್ತೆ. ಸರದಿಯೇ ಬೇಡ ಅಂದರು! ಮಾತಾಡಬೇಕು ಅನ್ನಿಸಿತಾ? ಮಾತಾಡಿ. ಕೇಂದ್ರದ ಯಂತ್ರಕ್ಕೆ ನಿಮ್ಮ ಮಾತು ಸರಿಯಾಗಿ ಕೇಳಿಸಿದರೆ ಅದು ‘ತಲುಪಿತು’ ಅಂತ ಒಂದು ಉತ್ತರ ಕಳಿಸುತ್ತೆ. ಉತ್ತರ ಬರಲಿಲ್ಲ ಅಂದರೆ ಎಲ್ಲೋ ಡಿಕ್ಕಿ ಆಗಿದೆ ಅಂತ ಅರ್ಥ. ಆಗ ಸ್ವಲ್ಪ ಹೊತ್ತು ಸುಮ್ಮನಿರಿ, ಮತ್ತೆ ಹೇಳಿ. ಎಷ್ಟು ಹೊತ್ತು? ಅದನ್ನು ಚೀಟಿ ಎತ್ತಿದ ಹಾಗೆ ನಿರ್ಧಾರ ಮಾಡಿ. ಯಾಕಂದ್ರೆ ಡಿಕ್ಕಿ ಹೊಡೆದ ಇಬ್ಬರೂ ಒಂದೇ ಹೊತ್ತು ಕಾದರೆ ಮತ್ತೆ ಡಿಕ್ಕಿಯೇ!

ಇದನ್ನು ಅರ್ಥ ಮಾಡಿಕೊಳ್ಳೋಕೆ ಎಂಜಿನಿಯರಿಂಗ್ ಬೇಡ. ಅಜ್ಜಿ ಕಥೆ ಹೇಳುವಾಗ ನಾವು ‘ಹೂಂ’ ಅನ್ನಬೇಕಿತ್ತು. ಹೂಂಗುಟ್ಟದಿದ್ದರೆ ಅಜ್ಜಿ ನಿಲ್ಲಿಸಿ, ‘ಕೇಳ್ತಾ ಇದ್ದೀಯೇನೋ?’ ಅಂತ ಮತ್ತೆ ಅದೇ ಸಾಲಿನಿಂದ ಶುರು ಮಾಡೋಳು. ಹವಾಯಿಯ ಯಂತ್ರ ಮಾಡಿದ್ದೂ ಅದೇ ಕೆಲಸ. ಪ್ರತಿ ಪ್ಯಾಕೆಟ್‌ಗೂ ಒಂದು ‘ಹೂಂ’.

ಹಾಗೆ ಹೂಂಗುಟ್ಟುವ ಪುಟ್ಟ ಕಂಪ್ಯೂಟರಿಗೆ ಅವರು ಮೆನೆಹುನೆ ಅಂತ ಹೆಸರಿಟ್ಟರು. ಹವಾಯಿಯ ಜನಪದ ಕಥೆಗಳಲ್ಲಿ ಬರುವ ಕುಳ್ಳ ಮನುಷ್ಯರ ಹೆಸರದು. ಇಡೀ ವ್ಯವಸ್ಥೆಗೆ ಇಟ್ಟ ಹೆಸರು ಅಲೋಹಾ. ಹವಾಯಿ ಜನರ ನಮಸ್ಕಾರ ಅದು, ಬಂದಾಗಲೂ ಅದೇ, ಹೋಗುವಾಗಲೂ ಅದೇ. 1971ರ ಜೂನ್‌ನಲ್ಲಿ ಮೊದಲ ಪ್ಯಾಕೆಟ್ ಗಾಳಿಯಲ್ಲಿ ಹಾರಿತು. ಒಂದು ಪ್ಯಾಕೆಟ್‌ನಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚೆಂದರೆ 80 ಅಕ್ಷರ. ವೇಗ ಸೆಕೆಂಡಿಗೆ 9600 ಬಿಟ್. ಇವತ್ತಿನ ಲೆಕ್ಕದಲ್ಲಿ ಆಮೆ. ಆದರೆ ಆ ಆಮೆಗೆ ತಂತಿ ಇರಲಿಲ್ಲ ಅನ್ನೋದೇ ಸುದ್ದಿ.

ಈಗ ಮೇಷ್ಟ್ರ ಪ್ರಶ್ನೆಗೆ ಬರ್ತೀನಿ. ಇಂಥ ಚಾನೆಲ್‌ನಲ್ಲಿ ಎಷ್ಟು ಮಾತು ತಲುಪುತ್ತೆ? ಅಬ್ರಾಮ್ಸನ್ ಹಾಕಿದ ಲೆಕ್ಕದ ಪ್ರಕಾರ ಹೆಚ್ಚೆಂದರೆ ನೂರಕ್ಕೆ 18. ಚಾನೆಲ್‌ನ ನೂರು ನಿಮಿಷದಲ್ಲಿ ಉಪಯೋಗಕ್ಕೆ ಬರೋದು 18 ನಿಮಿಷ. ಮಿಕ್ಕಿದ್ದು ಡಿಕ್ಕಿಗೆ ಮತ್ತು ಮೌನಕ್ಕೆ. ಅಯ್ಯೋ, ಇಷ್ಟೇನಾ ಅನ್ನಬೇಡಿ. ನಿಮಿಷಕ್ಕೊಮ್ಮೆ ಒಂದು ಸಾಲು ಕಳಿಸೋ ಜನ ಆದರೆ ಆ 18ರಲ್ಲೇ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಸುಧಾರಿಸಬಹುದು ಅಂತ ಅವರ ಲೆಕ್ಕ ತೋರಿಸಿತು. ಮುನ್ನೂರು ಟೆಲಿಫೋನ್ ಲೈನಿನ ಬದಲು ಒಂದೇ ಒಂದು ರೇಡಿಯೋ ಚಾನೆಲ್!

ಆದರೆ ಆ ಲೆಕ್ಕದಲ್ಲಿ ಇನ್ನೊಂದು ಭಾಗ ಇದೆ. ನಾನು ನಿದ್ದೆಗೆಟ್ಟು ಯೋಚಿಸಿದ್ದು ಅದರ ಬಗ್ಗೆ. ಮಾತಾಡುವವರು ಹೆಚ್ಚಾದಂತೆ ತಲುಪೋದೂ ಹೆಚ್ಚಾಗುತ್ತೆ, ಒಂದು ಹಂತದವರೆಗೆ. ಆ ಹಂತ ದಾಟಿದ ಮೇಲೆ? ಮಾತು ಹೆಚ್ಚಾದಷ್ಟೂ ತಲುಪೋದು ಕಮ್ಮಿ ಆಗ್ತಾ ಹೋಗುತ್ತೆ. ಡಿಕ್ಕಿ ಆಯಿತು ಅಂತ ಮತ್ತೆ ಕಳಿಸ್ತಾರೆ, ಆ ಮರುಮಾತೇ ಹೊಸ ಡಿಕ್ಕಿಗೆ ಕಾರಣ ಆಗುತ್ತೆ. ಕೊನೆಗೆ ಚಾನೆಲ್ ತುಂಬಾ ಗದ್ದಲ, ತಲುಪೋದು ಮಾತ್ರ ಹೆಚ್ಚುಕಮ್ಮಿ ಸೊನ್ನೆ.

ಸ್ವಲ್ಪ ನಿಧಾನವಾಗಿ ಓದಿ ಇದನ್ನ. ಗಂಟಲು ಯಾರದೂ ಹೋಗಿಲ್ಲ. ಯಂತ್ರ ಯಾವುದೂ ಕೆಟ್ಟಿಲ್ಲ. ಎಲ್ಲರೂ ಮಾತಾಡ್ತಾನೇ ಇದ್ದಾರೆ. ಆದರೆ ಕೇಳಿಸ್ತಾ ಇಲ್ಲ. ನಮ್ಮ ಸ್ಟುಡಿಯೋ ನೆನಪಾಗಲಿಲ್ವಾ?

ಮುಂದೆ ಬಂದವರೆಲ್ಲ ಈ ಕಾಯಿಲೆಗೇ ಮದ್ದು ಅರೆದರು. ಆರ್ಪಾದ ಲ್ಯಾರಿ ರಾಬರ್ಟ್ಸ್ 1972ರಲ್ಲಿ ಒಂದು ಸಣ್ಣ ತಿದ್ದುಪಡಿ ಸೂಚಿಸಿದರು. ಬಾಯಿಗೆ ಬಂದ ಹೊತ್ತಿಗೆ ಶುರು ಮಾಡಬೇಡಿ, ತಾಳ ಬಿದ್ದಾಗ ಮಾತ್ರ ಎತ್ತಿಕೊಳ್ಳಿ. ಕಾಲವನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಶುರುವಿನಲ್ಲೇ ಮಾತಾಡಬೇಕು ಅನ್ನೋ ನಿಯಮ. ಅರ್ಧಂಬರ್ಧ ಡಿಕ್ಕಿಗಳು ನಿಂತವು. 18 ಇದ್ದದ್ದು ಸುಮಾರು 37 ಆಯಿತು.

ಇದೇ ರಾಬರ್ಟ್ಸ್ ಅವರ ಕಚೇರಿಯ ಒಂದು ತಮಾಷೆ ಹೇಳಲೇಬೇಕು. ಅಬ್ರಾಮ್ಸನ್ ಒಮ್ಮೆ ಅಲ್ಲಿಗೆ ಹೋಗಿದ್ದರು. ಆರ್ಪಾನೆಟ್‌ಗೆ ಯಾವ ಊರನ್ನು ಯಾವ ದಿನ ಸೇರಿಸಬೇಕು ಅನ್ನೋ ಪಟ್ಟಿ ಗೋಡೆಯ ಬೋರ್ಡಿನ ಮೇಲಿತ್ತು. ರಾಬರ್ಟ್ಸ್ ಯಾವುದೋ ಕೆಲಸಕ್ಕೆ ಹೊರಗೆ ಹೋದರು. ಇವರು ಎದ್ದು ಹೋಗಿ, ಪಟ್ಟಿಯಲ್ಲಿ ‘ಅಲೋಹಾ’ ಅಂತ ಬರೆದು, ಪಕ್ಕದಲ್ಲಿ ತೋಚಿದ ಒಂದು ತಾರೀಖು ಹಾಕಿದರು. ಡಿಸೆಂಬರ್ 17. ಆಮೇಲೆ ಮರೆತೂಬಿಟ್ಟರು. ಆ ದಿನಕ್ಕೆ ಎರಡು ವಾರ ಇದೆ ಅನ್ನುವಾಗ ಫೋನ್ ಬಂತು, ಯಂತ್ರ ಕಳಿಸ್ತಾ ಇದ್ದೀವಿ, ಜಾಗ ರೆಡಿ ಮಾಡ್ಕೊಳಿ ಅಂತ! 1972ರ ಡಿಸೆಂಬರ್ 17ಕ್ಕೆ ಉಪಗ್ರಹದ ಮೂಲಕ ಹವಾಯಿ ಆರ್ಪಾನೆಟ್‌ಗೆ ಸೇರಿತು. ಸರ್ಕಾರಿ ಪಟ್ಟಿಗೆ ಹೀಗೂ ಹೆಸರು ಸೇರಿಸಬಹುದು ನೋಡಿ. ನಮ್ಮಲ್ಲಿ ಯಾರೂ ಪ್ರಯೋಗ ಮಾಡಬೇಡಿ.

ಎರಡನೇ ಮದ್ದು ತಂದವರು ಬಾಬ್ ಮೆಟ್ಕಾಫ್. ಹಾರ್ವರ್ಡ್‌ನಲ್ಲಿ ಅವರ ಪಿಎಚ್‌ಡಿ ಪ್ರಬಂಧ ತಿರಸ್ಕಾರ ಆಗಿತ್ತು. ಆಗಲೇ ಗೆಳೆಯನ ಮನೆಯಲ್ಲಿ ತಂಗಿದ್ದ ಒಂದು ರಾತ್ರಿ, ಅಲ್ಲಿ ಬಿದ್ದಿದ್ದ ಅಬ್ರಾಮ್ಸನ್ ಅವರ ಲೇಖನ ಕೈಗೆ ಸಿಕ್ಕಿತು. ಓದಿದರು. ಒಂದು ತಕರಾರು ಹೊಳೆಯಿತು. ಈ ಲೆಕ್ಕದಲ್ಲಿ ಜನ ಉತ್ತರ ಬಂದರೂ ಬರದಿದ್ದರೂ ಟೈಪ್ ಮಾಡ್ತಾನೇ ಇರ್ತಾರೆ. ನಿಜವಾದ ಮನುಷ್ಯ ಹಾಗೆ ಮಾಡೋಲ್ಲವಲ್ಲ? ಉತ್ತರ ಬರದಿದ್ದರೆ ಕಾಯ್ತಾನೆ. ಅದನ್ನೇ ಹಿಡಿದು ಲೆಕ್ಕ ತಿದ್ದಿದರು. ಪ್ರಬಂಧಕ್ಕೆ ಅದೇ ಅಧ್ಯಾಯ ಆಯಿತು, ಪದವಿಯೂ ಬಂತು. 1973ರ ಮೇ 22ರಂದು ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಕೂತು ಈಥರ್‌ನೆಟ್ ಬಗ್ಗೆ ಟಿಪ್ಪಣಿ ಬರೆದರು.

ಈಥರ್‌ನೆಟ್‌ನಲ್ಲಿ ಮೂರು ನಿಯಮ. ಒಂದು, ಬಾಯಿ ತೆರೆಯುವ ಮೊದಲು ಕಿವಿ ತೆರೆ, ಬೇರೆಯವರು ಮಾತಾಡ್ತಿದ್ದರೆ ಕಾಯಿ. ಎರಡು, ಮಾತಾಡುವಾಗಲೂ ಕೇಳಿಸಿಕೊಳ್ಳುತ್ತಿರು, ಡಿಕ್ಕಿ ಆಯಿತಾ, ತಕ್ಷಣ ನಿಲ್ಲಿಸು. ಮೂರು, ಮತ್ತೆ ಮತ್ತೆ ಡಿಕ್ಕಿ ಆದರೆ ಪ್ರತಿ ಸಲವೂ ಕಾಯುವ ಹೊತ್ತನ್ನು ಹೆಚ್ಚೂಕಡಿಮೆ ದುಪ್ಪಟ್ಟು ಮಾಡಿಕೊ. ಅಂದರೆ ಗದ್ದಲ ಜಾಸ್ತಿ ಆದಷ್ಟೂ ಹಿಂದೆ ಸರಿ. ನಮ್ಮ ಸ್ವಭಾವಕ್ಕೆ ಇದು ತದ್ವಿರುದ್ಧ. ಗದ್ದಲ ಜಾಸ್ತಿ ಆದಷ್ಟೂ ನಾವು ದನಿ ಏರಿಸ್ತೀವಿ. ಜಗತ್ತಿನ ಆಫೀಸುಗಳ ಕಂಪ್ಯೂಟರುಗಳು ದಶಕಗಳ ಕಾಲ ಕೆಲಸ ಮಾಡಿದ್ದು ಹೀಗೆ ಹಿಂದೆ ಸರಿಯೋ ಗುಣದಿಂದ.

ಈಗ ನಮ್ಮ ವೃತ್ತಿಗೆ ಹತ್ತಿರದ ಒಂದು ದೃಶ್ಯ. 1976ರ ಆಗಸ್ಟ್ 27. ಕ್ಯಾಲಿಫೋರ್ನಿಯಾದ ಪೋರ್ಟೋಲಾ ವ್ಯಾಲಿ. ರೊಸೊಟ್ಟಿಸ್ ಅನ್ನೋ ಹಳೇ ಬಿಯರ್ ಅಂಗಡಿ. ಹೊರಗೆ ಒಂದು ವ್ಯಾನು ನಿಂತಿದೆ. ನೋಡೋಕೆ ಬ್ರೆಡ್ ಸಾಗಿಸೋ ಗಾಡಿ ಥರ. ಒಳಗೆ ರೇಡಿಯೋ, ಕಂಪ್ಯೂಟರ್. ವ್ಯಾನಿನಿಂದ ಒಂದು ಕೇಬಲ್ ಎಳೆದು ಅಂಗಳದ ಮರದ ಮೇಜಿನ ಮೇಲೆ ಟರ್ಮಿನಲ್ ಇಟ್ಟಿದ್ದಾರೆ. ಪಕ್ಕದಲ್ಲಿ ಬಿಯರ್ ಲೋಟ. ಎಸ್‌ಆರ್‌ಐ ಸಂಸ್ಥೆಯ ಎಂಜಿನಿಯರುಗಳು ಅಲ್ಲಿಂದಲೇ ತಮ್ಮ ವಾರದ ವರದಿ ಟೈಪ್ ಮಾಡಿ ಕಳಿಸಿದರು. ಅದು ರೇಡಿಯೋ ನೆಟ್‌ವರ್ಕ್‌ನಿಂದ ಹೊರಟು, ಆರ್ಪಾನೆಟ್‌ಗೆ ದಾಟಿ, ಸೇರಬೇಕಾದಲ್ಲಿಗೆ ಸೇರಿತು. ನಮ್ಮ ಓಬಿ ವ್ಯಾನಿನ ಅಜ್ಜ ಯಾರು ಅಂತ ಯಾರಾದರೂ ಕೇಳಿದರೆ ನಾನು ಆ ವ್ಯಾನನ್ನೇ ತೋರಿಸ್ತೀನಿ.

ಯಾಕೆ ಬೇಕಿತ್ತು ಅದು? ಸೇನೆಗೆ. ಓಡಾಡುವ ಸೈನಿಕನ ಹಿಂದೆ ತಂತಿ ಎಳೆಯೋಕಾಗಲ್ಲ. ಹಾಗಾಗಿ ಆರ್ಪಾದ ಬಾಬ್ ಕಾನ್ ಹೊಸ ಪ್ಯಾಕೆಟ್ ರೇಡಿಯೋ ಯೋಜನೆ ಹಮ್ಮಿಕೊಂಡಿದ್ದರು. ಇಲ್ಲಿ ಒಂದು ರೇಡಿಯೋ ಇನ್ನೊಂದರ ಪ್ಯಾಕೆಟ್ ಹಿಡಿದು ಮುಂದಕ್ಕೆ ದಾಟಿಸುತ್ತಿತ್ತು. ಗುಡ್ಡದ ಮೇಲಿನವು ದೂರಕ್ಕೆ ಎಸೆಯುತ್ತಿದ್ದವು. ವ್ಯಾನು ಓಡ್ತಾ ಇದ್ದರೂ ದಾರಿ ತಾನೇ ಹುಡುಕಿಕೊಳ್ಳುತ್ತಿತ್ತು.

1977ರ ನವೆಂಬರ್ 22ರಂದು ಅದೇ ವ್ಯಾನು ಹೈವೇ ಮೇಲೆ ಓಡ್ತಾ ದೊಡ್ಡ ಪರೀಕ್ಷೆಗೆ ಇಳಿಯಿತು. ಪ್ಯಾಕೆಟ್‌ಗಳು ಹೋಗಬೇಕಾದದ್ದು ಸ್ಯಾನ್ ಫ್ರಾನ್ಸಿಸ್ಕೋ ಬದಿಯಿಂದ ಲಾಸ್ ಏಂಜಲೀಸ್‌ಗೆ. ಸುಮಾರು 640 ಕಿಲೋಮೀಟರ್. ಆದರೆ ಬೇಕಂತಲೇ ಸುತ್ತು ದಾರಿ ಹಿಡಿಸಿದರು. ರೇಡಿಯೋದಿಂದ ಆರ್ಪಾನೆಟ್, ಅಲ್ಲಿಂದ ಅಟ್ಲಾಂಟಿಕ್ ಸಾಗರದ ಆಚೆ ಯುರೋಪ್, ಅಲ್ಲಿಂದ ಉಪಗ್ರಹ ಹತ್ತಿ ಇಳಿದು ಮತ್ತೆ ಅಮೆರಿಕ. ಒಟ್ಟು ಲಕ್ಷ ಕಿಲೋಮೀಟರಿಗೂ ಹೆಚ್ಚು. ಒಂದು ಬಿಟ್ ಕೂಡ ಕಳೆಯಲಿಲ್ಲ ಅಂತ ವಿಂಟ್ ಸರ್ಫ್ ಆಮೇಲೆ ಹೆಮ್ಮೆಯಿಂದ ಹೇಳಿಕೊಂಡರು.

ಮೂರು ನೆಟ್‌ವರ್ಕ್, ಮೂರಕ್ಕೂ ಮೂರು ಗುಣ. ಯಾರೂ ಯಾರಿಗೂ ‘ನೀನು ನನ್ನ ಹಾಗೆ ಬದಲಾಗು’ ಅನ್ನಲಿಲ್ಲ. ಸರ್ಫ್ ಮತ್ತು ಕಾನ್ ಇಟ್ಟುಕೊಂಡ ನಿಯಮ ಸರಳ. ಮಧ್ಯದಲ್ಲಿ ದೊಡ್ಡ ಯಜಮಾನ ಬೇಡ. ದಾರಿಯಲ್ಲಿ ಪ್ಯಾಕೆಟ್ ಕಳೆದುಹೋಗಬಹುದು, ಅದನ್ನು ಒಪ್ಪಿಕೊಳ್ಳಿ. ಕಳೆದದ್ದನ್ನು ಮತ್ತೆ ಕಳಿಸೋ ಹೊಣೆ ಕಳಿಸಿದವನದು. ಈ ನಿಯಮಗಳನ್ನೇ ಆರ್ಪಾನೆಟ್ 1983ರ ಜನವರಿ 1ಕ್ಕೆ ಒಪ್ಪಿಕೊಂಡಿತು. ಇಂಟರ್ನೆಟ್ ಅಂತ ನಾವು ಕರೆಯೋದು ಇದನ್ನೇ. ನಮ್ಮ ದೇಶದಲ್ಲಿ 1986ರಲ್ಲಿ ಅರ್ನೆಟ್ ಯೋಜನೆ ಶುರುವಾದಾಗ ಮೊದಲ ಎಂಟು ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟೂ ಒಂದು.

ಯಜಮಾನ ಇಲ್ಲದ ವ್ಯವಸ್ಥೆ ಅಂದರೆ ಸ್ವರ್ಗ ಅಂದುಕೊಳ್ಳಬೇಡಿ. ಅದೇ ಝೆರಾಕ್ಸ್ ಪಾರ್ಕ್‌ನಲ್ಲಿ ಜಾನ್ ಶಾಕ್ ಮತ್ತು ಜಾನ್ ಹಪ್ ಅನ್ನೋ ಸಂಶೋಧಕರು ಒಂದು ಪ್ರಯೋಗ ಮಾಡಿದರು. ರಾತ್ರಿ ಹೊತ್ತು ಕಟ್ಟಡದ ಕಂಪ್ಯೂಟರುಗಳೆಲ್ಲ ಖಾಲಿ ಕೂತಿರ್ತವೆ. ಒಂದು ದೊಡ್ಡ ಕೆಲಸವನ್ನು ಅವುಗಳಿಗೆಲ್ಲ ಹಂಚಿದರೆ? ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಿದು ಹೋಗೋ ಪ್ರೋಗ್ರಾಂ ಬರೆದರು. ಹೆಸರು ‘ವರ್ಮ್’, ಅಂದರೆ ಹುಳ. ಒಂದು ಸಂಜೆ ಪುಟ್ಟ ಹುಳ ಬಿಟ್ಟು ಮನೆಗೆ ಹೋದರು.

ಬೆಳಿಗ್ಗೆ ಬಂದು ನೋಡಿದರೆ ಕಟ್ಟಡದ ತುಂಬಾ ಕಂಪ್ಯೂಟರುಗಳು ಸತ್ತು ಬಿದ್ದಿವೆ. ಯಾರಾದರೂ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಹುಳ ಬಂದು ಸೇರಿಕೊಳ್ಳುತ್ತೆ, ಯಂತ್ರ ಮತ್ತೆ ಸಾಯುತ್ತೆ. ಹುಳದ ಒಂದು ತುಂಡು ಹಾಳಾಗಿತ್ತು, ಆ ಹಾಳು ತುಂಡೇ ಎಲ್ಲ ಕಡೆ ಹರಡುತ್ತಿತ್ತು. ಕೆಲವು ಯಂತ್ರಗಳು ಬೀಗ ಹಾಕಿದ ಕೋಣೆಯಲ್ಲಿದ್ದವು, ಹೋಗಿ ಆಫ್ ಮಾಡೋಕೂ ಆಗಲಿಲ್ಲ. ಪುಣ್ಯಕ್ಕೆ ಅವರು ಒಂದು ಜಾಣತನ ಮಾಡಿದ್ದರು. ಒಂದು ವಿಶೇಷ ಪ್ಯಾಕೆಟ್ ಕಳಿಸಿದರೆ ಎಲ್ಲ ಹುಳವೂ ನಿಲ್ಲಬೇಕು ಅಂತ ಮೊದಲೇ ವ್ಯವಸ್ಥೆ ಮಾಡಿಟ್ಟಿದ್ದರು. ಅದನ್ನು ಕಳಿಸಿದರು. ಎಲ್ಲಾ ನಿಂತಿತು. ಉಳಿದದ್ದು ಕಟ್ಟಡದ ತುಂಬಾ ಸತ್ತ ನೂರರಷ್ಟು ಯಂತ್ರಗಳು. 1982ರಲ್ಲಿ ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿದರು. ನನಗೆ ಅದು ಇಷ್ಟ ಆಯಿತು. ತಪ್ಪನ್ನು ಬರೆದಿಟ್ಟದ್ದರಿಂದ ಮುಂದಿನವರು ಕಲಿತರು.

ಹರಡೋಕೆ ಗೊತ್ತಿದ್ದರೆ ಸಾಲದು, ನಿಲ್ಲೋಕೂ ಗೊತ್ತಿರಬೇಕು. ಈ ಹುಳದ ಮಾತು ನಮ್ಮ ವಾಟ್ಸಾಪ್ ಗ್ರೂಪುಗಳಿಗೂ ಅನ್ವಯ.

ಅಬ್ರಾಮ್ಸನ್ 2020ರ ಡಿಸೆಂಬರ್ 1ರಂದು ತೀರಿಕೊಂಡರು. 88 ವರ್ಷ. ಇಡೀ ಜಗತ್ತು ಮನೆಯೊಳಗೆ ಕೂತು ವೈಫೈ ನಂಬಿಕೊಂಡು ಬದುಕುತ್ತಿದ್ದ ವರ್ಷ ಅದು. ಆ ದಿನಗಳಲ್ಲಿ ನಾವು ಎಷ್ಟೆಷ್ಟೋ ಬ್ರೇಕಿಂಗ್ ನ್ಯೂಸ್ ಕೊಟ್ಟೆವು. ಈ ಸುದ್ದಿ ನನ್ನ ಬುಲೆಟಿನ್‌ನಲ್ಲಿ ಬರಲಿಲ್ಲ. ನನಗೆ ಆ ಹೆಸರೇ ಗೊತ್ತಿರಲಿಲ್ಲ.

ಆದರೆ ಅವರ ಅಲೋಹಾ ಇನ್ನೂ ಇದೆ. ನಿಮ್ಮ ಮೊಬೈಲ್ ಟವರಿಗೆ ಮೊದಲ ಸಲ ‘ನಾನಿದ್ದೀನಿ’ ಅಂತ ಹೇಳುತ್ತಲ್ಲ, ಅದು ಅಲೋಹಾ ವಿಧಾನದ ಮೊಮ್ಮಗನೇ. ಸರದಿ ಇನ್ನೂ ಸಿಕ್ಕಿಲ್ಲ, ಹಾಗಾಗಿ ಸುಮ್ಮನೆ ಕೂಗಿ ನೋಡುತ್ತೆ. ‘ಹೂಂ’ ಬರದಿದ್ದರೆ ತಡೆದು ಮತ್ತೆ ಕೂಗುತ್ತೆ. ಮೈಸೂರು ದಸರಾ ಜಂಬೂಸವಾರಿಯ ನೂಕುನುಗ್ಗಲಿನಲ್ಲಿ ಫೋನಿನ ಕಡ್ಡಿ ಪೂರ್ತಿ ತೋರಿಸಿದರೂ ಕಾಲ್ ಹೋಗೋದೇ ಇಲ್ಲ. ಕಾರಣ ಹಲವು, ಲಕ್ಷಾಂತರ ಫೋನುಗಳು ಒಟ್ಟಿಗೆ ಕೂಗ್ತಾ ಇರೋದೂ ಒಂದು.

ಈಗ ನನ್ನ ತಪ್ಪಿಗೆ ವಾಪಸ್ ಬರ್ತೀನಿ. ಚರ್ಚೆಯಲ್ಲಿ ಕೂಗಾಟ ನಡೆದ ದಿನ ಆ ತುಣುಕು ಊರೆಲ್ಲ ಓಡುತ್ತೆ ಅಂತ ನಮಗೆ ಗೊತ್ತು. ಅತಿಥಿಗೂ ಗೊತ್ತು. ಅದಕ್ಕೇ ಯಾರೂ ಹಿಂದೆ ಸರಿಯೋಲ್ಲ, ನಾನೂ ಸೇರಿ. ಕಬ್ಬಿನ ಬೆಲೆ ಬಗ್ಗೆ ಚರ್ಚೆ ಇಟ್ಟ ದಿನ, ರೈತನೊಬ್ಬ ಫೋನ್ ಲೈನಿನಲ್ಲಿ ಕಾಯ್ತಾನೇ ಇದ್ದ. ಸ್ಟುಡಿಯೋದ ಗದ್ದಲ ಮುಗಿಯೋ ಹೊತ್ತಿಗೆ ಲೈನ್ ಕಟ್ ಆಗಿತ್ತು. ಅವತ್ತು ಅವನದೊಂದೇ ಮಾತು ಸುದ್ದಿ. ಅದು ತಲುಪಲಿಲ್ಲ. ಅವನ ಕಡೆಗೆ ನಾವ್ಯಾರೂ ‘ಹೂಂ’ ಅನ್ನಲಿಲ್ಲ.

ಯಂತ್ರಗಳಿಗೆ ನಾಚಿಕೆ ಇಲ್ಲ, ಮರ್ಯಾದೆ ಇಲ್ಲ, ಸಂಸ್ಕಾರ ಇಲ್ಲ. ಆದರೂ ಡಿಕ್ಕಿ ಆದಾಗ ಅವು ತಡೆದು ನಿಲ್ಲುತ್ತವೆ. ಯಾಕೆ? ನಿಲ್ಲದಿದ್ದರೆ ಯಾರ ಮಾತೂ ತಲುಪೋಲ್ಲ ಅಂತ ಅವುಗಳನ್ನು ಮಾಡಿದವರು ಲೆಕ್ಕ ಹಾಕಿ ನೋಡಿದ್ದರು. ನಮಗೆ ಹಿರಿಯರು ಅದನ್ನೇ ಲೆಕ್ಕ ಹಾಕದೆ ಹೇಳಿಕೊಟ್ಟಿದ್ದರು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಬೇಕು ಅಂತ.

ಮೇಷ್ಟ್ರೇ, ನೀವು ಇದನ್ನು ಓದುತ್ತಿದ್ದರೆ ಒಂದು ಮಾತು. ಈಗ ನಾನು ಚರ್ಚೆ ಮುಗಿಸುವ ಮೊದಲು ಐದು ನಿಮಿಷ ಎತ್ತಿಡ್ತಾ ಇದ್ದೀನಿ. ಸ್ಟುಡಿಯೋದ ಮೈಕ್ ಎಲ್ಲಾ ಬಂದ್. ಹೊರಗಿನಿಂದ ಫೋನ್ ಮಾಡಿದವರ ಮಾತು ಮಾತ್ರ. ಎಲ್ಲ ದಿನ ಸಾಧ್ಯ ಆಗಿಲ್ಲ, ಸುಳ್ಳು ಹೇಳೋಲ್ಲ. ಆದರೆ ಆದ ದಿನ, ‘ಏನಂದ್ರು’ ಅಂತ ಮನೆಯವರು ಕೇಳಿದರೆ ಹೇಳೋಕೆ ನಿಮಗೆ ಏನಾದರೂ ಇರುತ್ತೆ.